ಅಲ್ಯೂಮಿನಿಯಂ ಫ್ರೇಮ್ ಬಿರುಕು ಬಿಟ್ಟಿದೆಯಾ? ವೆಲ್ಡಿಂಗ್‌ಗೆ ಅವಸರ ಬೇಡ

ಮುಳ್ಳಯ್ಯನಗಿರಿ ಇಳಿಜಾರಿನಲ್ಲಿ ಪೆಟ್ಟು ತಿಂದ ಗೇರ್ ಸೈಕಲ್‌ಗಳು ಚಿಕ್ಕಮಗಳೂರಿನ ನನ್ನ ಅಂಗಡಿಗೆ ಬರುತ್ತಲೇ ಇರುತ್ತವೆ. ತಂದವರು ಕೇಳುವುದು ಒಂದೇ: "ಅಣ್ಣಾ, ವೆಲ್ಡಿಂಗ್ ಮಾಡಿಸಿದ್ರೆ ಆಗಲ್ವಾ?" ಫ್ರೇಮ್‌ಗೆ ಅಯಸ್ಕಾಂತ ಅಂಟಿದರೆ ಅದು ಸ್ಟೀಲ್, ಮಾಡಿಸಬಹುದು. ಅಂಟದಿದ್ದರೆ ಬಹುಪಾಲು ಅಲ್ಯೂಮಿನಿಯಂ. ಅದರ ಲೆಕ್ಕವೇ ಬೇರೆ.

ಗೇರ್ ಸರಿಯಾಗಿ ಬೀಳುತ್ತಿಲ್ಲ ಎಂದರೆ ಎಷ್ಟೋ ಸಲ ಬಾಗಿರುವುದು ಹಿಂದಿನ ಡಿರೇಲರ್ (ಗೇರ್ ಬದಲಿಸಲು ಚೈನ್ ಸರಿಸುವ ಭಾಗ) ಹಿಡಿದಿರುವ ಹ್ಯಾಂಗರ್ ಮಾತ್ರ. ಫ್ರೇಮ್ ಉಳಿಯಲಿ ಅಂತಲೇ ಅದನ್ನು ಮೆದುವಾಗಿ ಮಾಡಿರುತ್ತಾರೆ. ಅದೇ ಮಾಡೆಲ್‌ನ ಹೊಸ ಹ್ಯಾಂಗರ್ ಹಾಕಿದರೆ ಮುಗಿಯಿತು.

ಬೆಸುಗೆಯ ಪಕ್ಕ ಕೂದಲೆಳೆಯಂಥ ಗೆರೆ ಕಂಡರೆ ಮಾತ್ರ ಸೈಕಲ್ ಹತ್ತಬೇಡಿ. ಬಿರಿದಿರುವುದು ಬರೀ ಬಣ್ಣವೂ ಇರಬಹುದು. ಎಮರಿ ಪೇಪರ್‌ನಲ್ಲಿ ಅಷ್ಟು ಜಾಗದ ಬಣ್ಣ ತೆಗೆಯಿರಿ. ಸೀಮೆಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಬಳಿಯಿರಿ. ಪುಡಿಯ ಮೇಲೆ ಒದ್ದೆ ಗೆರೆ ಮೂಡಿದರೆ ಲೋಹವೇ ಸೀಳಿದೆ ಎಂದು ಲೆಕ್ಕ.

ಆರ್ಗಾನ್ ವೆಲ್ಡಿಂಗ್ ಮಾಡುವ ಒಳ್ಳೆಯ ಕೈ ಸಿಕ್ಕರೂ ಇಲ್ಲೊಂದು ತೊಡಕಿದೆ. ಬಹಳಷ್ಟು ಫ್ರೇಮ್‌ಗಳು 6061 ಮಿಶ್ರಲೋಹದವು. ಅದಕ್ಕೆ ಗಟ್ಟಿತನ ಬರುವುದು ಶಾಖ ಕೊಟ್ಟು ಹದ ಮಾಡಿದ ಮೇಲೆ. ಬೆಸುಗೆಯ ಬಿಸಿಗೆ ಆ ಹದ ಕೆಟ್ಟು, ಪಕ್ಕದ ಲೋಹದ ಬಲ ಅರ್ಧದಷ್ಟು ಇಳಿಯುತ್ತದೆ. ಮತ್ತೆ ಬಲ ಬರಬೇಕಾದರೆ ಇಡೀ ಫ್ರೇಮನ್ನು ಸುಮಾರು 530 ಡಿಗ್ರಿಗೆ ಕಾಯಿಸಿ, ತಟ್ಟನೆ ತಣಿಸಿ, ಆಮೇಲೆ ಸುಮಾರು 175 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಡಬೇಕು. ಗೇಟು, ಗ್ರಿಲ್ ಮಾಡುವ ಶೆಡ್‌ನಲ್ಲಿ ಇದು ಆಗುವ ಕೆಲಸವಲ್ಲ. ಸುಮ್ನೆ ಬೆಸೆದರೆ ಕೆಲವು ದಿನ ಓಡೀತು, ಆಮೇಲೆ ಬೆಸುಗೆಯ ಅಂಚಿನಲ್ಲೇ ಮತ್ತೆ ಸೀಳುತ್ತದೆ. ಹ್ಯಾಂಡಲ್ ಕೆಳಗಿನ ಹೆಡ್ ಟ್ಯೂಬ್ ಹತ್ತಿರ ಹಾಗಾದರೆ ಮುಂದಿನ ಚಕ್ರವೇ ಕಳಚಿ ಹೋಗುತ್ತದೆ. ಘಾಟಿಯ ತಿರುವಿನಲ್ಲಿ ಅದನ್ನು ಊಹಿಸಿಕೊಳ್ಳಿ. ಮಕ್ಕಳ ಸೈಕಲ್ ಆದರಂತೂ ನಾನು ಒಪ್ಪುವುದೇ ಇಲ್ಲ. ಎಂಸೀಲ್ ಮೆತ್ತುವುದು ಇನ್ನೂ ಕೆಟ್ಟದ್ದು, ಬಿರುಕು ಬೆಳೆಯುವುದು ಕಣ್ಣಿಗೇ ಬೀಳುವುದಿಲ್ಲ.

ಕಡಿಮೆ ಖರ್ಚಿನ ದಾರಿ ಇದೆ. ಬೀಳದೆ, ಗುದ್ದದೆ ಬೆಸುಗೆ ಬಿಟ್ಟಿದ್ದರೆ ಮೊದಲು ಬಿಲ್ ಹುಡುಕಿ. ಫ್ರೇಮ್‌ಗೆ ಬೇರೆ ಪಾರ್ಟುಗಳಿಗಿಂತ ಜಾಸ್ತಿ ವರ್ಷ ವಾರಂಟಿ ಕೊಡುವ ಕಂಪನಿಗಳಿವೆ. ವಾರಂಟಿ ಇಲ್ಲದಿದ್ದರೆ ಒಳ್ಳೆಯ ಹಳೆಯ ಫ್ರೇಮ್ ಹುಡುಕಿ ನಿಮ್ಮ ಚಕ್ರ, ಗೇರ್, ಬ್ರೇಕ್ ಅದಕ್ಕೆ ವರ್ಗಾಯಿಸಿ. ಕೊಳ್ಳುವ ಮೊದಲು ಸೀಟ್ ಪೋಸ್ಟ್ (ಸೀಟು ಕೂರುವ ಕೊಳವೆ) ದಪ್ಪದ ಅಳತೆ ನೋಡಿ: 27.2 ಮಿಲಿಮೀಟರ್ ಪೋಸ್ಟ್ 30.9ರ ಫ್ರೇಮ್‌ನಲ್ಲಿ ಹಾಗೇ ನಿಲ್ಲುವುದಿಲ್ಲ. ಪೆಡಲ್‌ಗಳ ನಡುವಿನ ಅಚ್ಚು ಕೂರುವ ಬಿಬಿಯ (ಬಾಟಮ್ ಬ್ರಾಕೆಟ್) ಅಗಲ 68 ಮಿಲಿಮೀಟರಾ 73ರದ್ದಾ, ಡಿಸ್ಕ್ ಬ್ರೇಕ್‌ಗೆ ಜಾಗ ಇದೆಯಾ, ಅದನ್ನೂ ನೋಡಿ.

ಬಿರುಕು ಬಿಟ್ಟ ಫ್ರೇಮನ್ನು ಗುಜರಿಗೆ ಹಾಗೇ ಕೊಡಬೇಡಿ. ಗರಗಸದಲ್ಲಿ ಎರಡು ತುಂಡು ಮಾಡಿ ಕೊಡಿ. ಇಲ್ಲದಿದ್ದರೆ ಪುಟ್ಟಿ ಬಳಿದು, ಬಣ್ಣ ಹೊಡೆದು ಇನ್ನೊಬ್ಬರಿಗೆ ಮಾರುವವರಿದ್ದಾರೆ.