ಪ್ರಾಣಿ ಮಾದರಿ: ಕ್ಯಾನ್ಸರ್ ಲಸಿಕೆಗೂ ಮೊಲಕ್ಕೂ ಏನು ಸಂಬಂಧ?

ಕೋಲಾರದ ಕಡೆ ಸೀಮೆ ಹಸು ಸಾಕಿದವರಿಗೆ ಕೆಚ್ಚಲಿನ ನರೂಲಿ ಗೊತ್ತೇ ಇರುತ್ತದೆ. ಹಾಲು ಕರೆಯುವಾಗ ತೊಟ್ಟಿನ ಮೇಲೆ ಗಂಟುಗಂಟಾಗಿ ಕೈಗೆ ಸಿಗುತ್ತದೆ. ಅದನ್ನು ತರುವುದು ಪ್ಯಾಪಿಲೋಮಾ ವೈರಸ್. ಇದೇ ಕುಲದ ಎಚ್‌ಪಿವಿ, ಅಂದರೆ ಮನುಷ್ಯರ ಪ್ಯಾಪಿಲೋಮಾ ವೈರಸ್, ಹೆಂಗಸರಲ್ಲಿ ಗರ್ಭಕಂಠದ ಕ್ಯಾನ್ಸರ್ ತರುತ್ತದೆ. ಆದರೆ ಹಸುವಿನದು ನಮಗೆ ಅಂಟುವುದಿಲ್ಲ, ನಮ್ಮದು ಹಸುವಿಗೆ ಅಂಟುವುದಿಲ್ಲ.

ಮನುಷ್ಯರ ಮೇಲೆ ನೇರವಾಗಿ ಮಾಡಿ ನೋಡಲಾಗದ್ದನ್ನು ತಿಳಿಯಲು ಆರಿಸಿಕೊಂಡ ಪ್ರಾಣಿಯನ್ನು 'ಪ್ರಾಣಿ ಮಾದರಿ' ಎನ್ನುತ್ತಾರೆ. ಯಾವ ಪ್ರಾಣಿ ಎನ್ನುವುದು ಏನು ತಿಳಿಯಬೇಕು ಎನ್ನುವುದರ ಮೇಲೆ ನಿಂತಿದೆ.

ಎಚ್‌ಪಿವಿ ಬೇರೆ ಪ್ರಾಣಿಗೆ ಅಂಟುವುದಿಲ್ಲ ಅಂದಮೇಲೆ, ಲಸಿಕೆ ಕಾಪಾಡುತ್ತದೋ ಇಲ್ಲವೋ ಅಂತ ನೋಡುವುದು ಹೇಗೆ? ವಿಜ್ಞಾನಿಗಳು ಆಯಾ ಪ್ರಾಣಿಯ ಸ್ವಂತ ಪ್ಯಾಪಿಲೋಮಾ ವೈರಸ್ಸನ್ನೇ ಹಿಡಿದರು. ಅಮೆರಿಕದ ಕಾಡುಮೊಲದ ವೈರಸ್ಸನ್ನು ರಿಚರ್ಡ್ ಶೋಪ್ 1933ರಲ್ಲೇ ವಿವರಿಸಿದ್ದರು. ಅದು ಎಬ್ಬಿಸುವ ನರೂಲಿಗಳಲ್ಲಿ ಕೆಲವು ಕ್ಯಾನ್ಸರ್ ಆಗುತ್ತವೆ. 1990ರ ದಶಕದಲ್ಲಿ ಇಂಥ ವೈರಸ್ಸಿನ ಹೊರಚಿಪ್ಪನ್ನಷ್ಟೇ ತಯಾರಿಸಿ ಮೊಲಕ್ಕೆ, ನಾಯಿಗೆ ಚುಚ್ಚಿದರು. ಚಿಪ್ಪಿನೊಳಗೆ ವೈರಸ್ಸಿನ ಜೀನ್ ಇಲ್ಲ, ರೋಗ ಬರುವ ಮಾತೇ ಇಲ್ಲ. ಆಮೇಲೆ ನಿಜವಾದ ವೈರಸ್ ಸೋಕಿಸಿದರೂ ಅವು ತಡೆದುಕೊಂಡವು. ಲಸಿಕೆ ಪಡೆದ ನಾಯಿಯ ರಕ್ತದ ಪ್ರತಿಕಾಯಗಳನ್ನು (ರೋಗಾಣುವನ್ನು ತಡೆಯಲು ದೇಹ ತಯಾರಿಸುವ ಪ್ರೋಟೀನ್‌ಗಳನ್ನು) ಲಸಿಕೆ ಪಡೆಯದ ನಾಯಿಗೆ ಕೊಟ್ಟಾಗ ಅದಕ್ಕೂ ರಕ್ಷಣೆ ಸಿಕ್ಕಿತು. ಕಾಪಾಡುವುದು ಪ್ರತಿಕಾಯವೇ ಎಂದು ಅಲ್ಲಿ ಖಚಿತವಾಯಿತು. ನನಗೆ ಈ ಕತೆಯಲ್ಲಿ ತುಂಬ ಹಿಡಿಸುವ ಭಾಗ ಇದೇ. 2006ರಲ್ಲಿ ಬಂದ ಎಚ್‌ಪಿವಿ ಲಸಿಕೆಯಲ್ಲಿ ಇರುವುದೂ ಇಂಥದೇ ಖಾಲಿ ಚಿಪ್ಪು.

ಆಗಲೇ ಬಂದಿರುವ ಕ್ಯಾನ್ಸರ್ ವಾಸಿಮಾಡುವ ಲಸಿಕೆಯ ದಾರಿ ಇನ್ನೂ ಕಷ್ಟ. ಅದರ ಪರೀಕ್ಷೆ ಜಾಸ್ತಿ ನಡೆಯುವುದು ಇಲಿಗಳಲ್ಲಿ. ಗಡ್ಡೆಯ ಕೋಶಗಳನ್ನು ಚರ್ಮದಡಿ ಚುಚ್ಚಿದರೆ ಕೆಲವೇ ವಾರಗಳಲ್ಲಿ ಗಡ್ಡೆ ಬೆಳೆಯುತ್ತದೆ. ನಮ್ಮಲ್ಲಿ ಅದೇ ಗಡ್ಡೆ ವರ್ಷಗಟ್ಟಲೆ ದೇಹದ ಕಣ್ಣು ತಪ್ಪಿಸಿಕೊಂಡು ಬೆಳೆದಿರುತ್ತದೆ. ಮನುಷ್ಯರ ಗಡ್ಡೆಯನ್ನೇ ಇಲಿಯಲ್ಲಿ ಬೆಳೆಸಬೇಕಾದರೆ ರೋಗನಿರೋಧಕ ಶಕ್ತಿ ಇಲ್ಲದ ಇಲಿ ಬೇಕು. ಲಸಿಕೆ ಎಬ್ಬಿಸಬೇಕಾದ್ದೇ ಆ ಶಕ್ತಿಯನ್ನು, ಅಲ್ವಾ? ಹಾಗಾಗಿ ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಇದ್ದು, 'ಇಲಿಯಲ್ಲಿ ಗೆದ್ದ ಲಸಿಕೆ' ಎಂಬ ಸುದ್ದಿ ವಾಟ್ಸಾಪ್‌ಗೆ ಬಂದರೆ, ನಡೆಯುತ್ತಿರುವ ಚಿಕಿತ್ಸೆಯನ್ನು ದಯವಿಟ್ಟು ನಿಲ್ಲಿಸಬೇಡಿ.

ಸಾಕುನಾಯಿಗಳಿಗೆ ಕ್ಯಾನ್ಸರ್ ತಾನಾಗಿಯೇ ಬರುತ್ತದೆ, ವಯಸ್ಸಾದಂತೆ, ನಮ್ಮ ಮನೆಗಳಲ್ಲೇ. ಆ ಮಟ್ಟಿಗೆ ಅವು ನಮಗೆ ಇಲಿಗಿಂತ ಹತ್ತಿರ. ನಾಯಿಯ ಬಾಯಿಯ ಮೆಲನೋಮಾಕ್ಕೆ (ಮೈಬಣ್ಣ ಕೊಡುವ ಕೋಶಗಳ ಕ್ಯಾನ್ಸರ್) ತಯಾರಿಸಿದ ಒಂದು ಲಸಿಕೆಗೆ ಅಮೆರಿಕದಲ್ಲಿ 2010ರ ಹೊತ್ತಿಗೆ ಪೂರ್ಣ ಪರವಾನಗಿ ಸಿಕ್ಕಿತು. ನಮ್ಮ ನಾಟಿ ಎತ್ತುಗಳ ಕೊಂಬಿನ ಕ್ಯಾನ್ಸರ್ ಕೂಡ ಹಾಗೆ ತಾನಾಗಿ ಬರುವಂಥದ್ದು.