ಪ್ರೊಸೆಷನ್: 'ಮೆರವಣಿಗೆ' ಅಂತ ಒಂದೇ ಅರ್ಥ ಬರೆದುಕೊಂಡರೆ ಸಾಲದು

ವಿಜಯದಶಮಿ ದಿನ ಮೈಸೂರಿನಲ್ಲಿ ನಡೆಯುವ ಎರಡು ಕಾರ್ಯಕ್ರಮಗಳನ್ನು ನೆನಪಿಸಿಕೊಳ್ಳಿ. ಮೊದಲು ಜಂಬೂಸವಾರಿ. ಸುಮಾರು 750 ಕಿಲೋ ತೂಕದ ಅಂಬಾರಿ ಹೊತ್ತ ಆನೆ ಅರಮನೆಯಿಂದ ಬನ್ನಿಮಂಟಪದ ಕಡೆಗೆ ಹೊರಡುತ್ತದೆ. ಅಂಬಾರಿಯಲ್ಲಿ ಚಾಮುಂಡೇಶ್ವರಿ. ಜೊತೆಗೆ ನಂದಿಧ್ವಜ, ಡೊಳ್ಳು, ವೀರಗಾಸೆ, ಸ್ತಬ್ಧಚಿತ್ರಗಳು. ಇದು ಪ್ರೊಸೆಷನ್. ಕತ್ತಲಾದ ಮೇಲೆ ಬನ್ನಿಮಂಟಪದ ಮೈದಾನದಲ್ಲಿ ಪಂಜಿನ ಕವಾಯತು. ಇದನ್ನು ಇಂಗ್ಲಿಷಿನಲ್ಲಿ ಟಾರ್ಚ್‌ಲೈಟ್ ಪರೇಡ್ ಅಂತಾರೆ. ಮೆರವಣಿಗೆ ಬೇರೆ, ಕವಾಯತು ಬೇರೆ ಅಂತ ಕನ್ನಡವೇ ನಮಗೆ ಹೇಳಿಕೊಡುತ್ತಿದೆ, ಅಲ್ವಾ?

ಪರೇಡ್ ಇರುವುದು ಮುಖ್ಯವಾಗಿ ನೋಡುವವರಿಗಾಗಿ. ಜನವರಿ 26ರಂದು ದೆಹಲಿಯಲ್ಲಿ ನಡೆಯುವುದು ಪರೇಡ್. ಪ್ರೊಸೆಷನ್‌ನಲ್ಲಿ ನಡಿಗೆಯೇ ಆಚರಣೆ. ರಸ್ತೆ ಬದಿ ಒಬ್ಬರೂ ನಿಲ್ಲದಿದ್ದರೂ ಅದು ಪ್ರೊಸೆಷನ್ನೇ.

ನನಗೆ ತುಂಬಾ ಇಷ್ಟವಾದ ವಿಷಯ ಈ ಪದದ ಮೂಲ. ಲ್ಯಾಟಿನ್ ಭಾಷೆಯಲ್ಲಿ 'ಮುಂದಕ್ಕೆ ಹೋಗು' ಅನ್ನುವ ಕ್ರಿಯಾಪದದಿಂದ ಇದು ಬಂದಿದೆ. ಪ್ರೊಸೀಡ್, ಪ್ರೊಸೆಸ್ ಕೂಡ ಅದೇ ಮನೆಯ ಮಕ್ಕಳು. ನಮ್ಮ 'ಮೆರವಣಿಗೆ' ಹುಟ್ಟಿದ್ದು 'ಮೆರೆ' ಅನ್ನುವ ಧಾತುವಿನಿಂದ. ಮೆರೆಯುವುದು ಅಂದರೆ ಹೊಳೆಯುವುದು, ಶೋಭಿಸುವುದು. ನಮ್ಮ ಪದದೊಳಗೆ ಸಡಗರ ಇದೆ. ಇಂಗ್ಲಿಷ್ ಪದದೊಳಗೆ ಇರುವುದು ಮುಂದಕ್ಕೆ ಸಾಗುವ ನಡಿಗೆ ಮಾತ್ರ.

ಅದಕ್ಕೇ ಅದು ಸಂತೋಷಕ್ಕೂ ಹೊಂದುತ್ತದೆ, ಸಾವಿಗೂ ಹೊಂದುತ್ತದೆ. ಮದುವೆ ದಿಬ್ಬಣ ವೆಡ್ಡಿಂಗ್ ಪ್ರೊಸೆಷನ್. ಶವಯಾತ್ರೆ ಫ್ಯೂನರಲ್ ಪ್ರೊಸೆಷನ್. ದೇವರ ಪಲ್ಲಕ್ಕಿ ಹೊರಟರೆ ರಿಲಿಜಿಯಸ್ ಪ್ರೊಸೆಷನ್. ಕನ್ನಡದಲ್ಲಿ ಒಂದೊಂದಕ್ಕೂ ಒಂದೊಂದು ಹೆಸರು. ಇಂಗ್ಲಿಷಿನಲ್ಲಿ ಮುಂದೆ ಒಂದು ಪದ ಸೇರಿಸಿದರೆ ಆಯಿತು. ಆದರೆ ಶವಯಾತ್ರೆಗೆ ಮಾತ್ರ ಪರೇಡ್ ಅಂತ ಎಂದೂ ಬರೆಯಬೇಡಿ. ದುಃಖದಲ್ಲಿರುವವರು ಓದಿದರೆ ಮನಸ್ಸಿಗೆ ನೋವಾಗುತ್ತದೆ.

ಆಚರಣೆಯೇ ಇಲ್ಲದ ಕಡೆಯೂ ಈ ಪದ ಬರುತ್ತದೆ. 'ಎ ಪ್ರೊಸೆಷನ್ ಆಫ್ ಆಂಟ್ಸ್' ಅಂದರೆ ಇರುವೆ ಸಾಲು. 'ಎ ಪ್ರೊಸೆಷನ್ ಆಫ್ ವಿಸಿಟರ್ಸ್' ಅಂದರೆ ಒಬ್ಬರ ಹಿಂದೆ ಒಬ್ಬರಂತೆ ಬರುತ್ತಲೇ ಇರುವ ನೆಂಟರಿಷ್ಟರು.

ಬೇಡಿಕೆ ಇಟ್ಟುಕೊಂಡು, ಹಟ ಹಿಡಿದು ಹೊರಟ ನಡಿಗೆಗೆ 'ಮಾರ್ಚ್' ಅನ್ನುವ ಪದ ಜಾಸ್ತಿ ಒಪ್ಪುತ್ತದೆ. 1930ರಲ್ಲಿ ಗಾಂಧೀಜಿ ಸಾಬರಮತಿಯಿಂದ ದಂಡಿಗೆ ನಡೆದದ್ದು ದಂಡಿ ಮಾರ್ಚ್. ಅದನ್ನು ಯಾರೂ ದಂಡಿ ಪ್ರೊಸೆಷನ್ ಅನ್ನುವುದಿಲ್ಲ.

ವಾಕ್ಯ ಮಾಡುವಾಗ ಎಡವುವ ಜಾಗ ಎರಡು. 'ಅವರು ಮೆರವಣಿಗೆಯಲ್ಲಿ ನಡೆದರು' ಅನ್ನಲು 'ದೇ ವಾಕ್ಡ್ ಇನ್ ಪ್ರೊಸೆಷನ್' ಅಂದರೆ ಸಾಕು. ಸಾಲಾಗಿ ನಡೆದರು ಅಂತಷ್ಟೇ ಹೇಳುವಾಗ ನಡುವೆ 'ಎ' ಬೇಡ. ಇನ್ನೊಂದು, 'ಟುಕ್ ಔಟ್ ಎ ಪ್ರೊಸೆಷನ್'. ನಮ್ಮ ದೇಶದ ಪತ್ರಿಕೆಗಳಲ್ಲಿ ಇದು ದಿನಾ ಕಾಣುತ್ತದೆ, ಇಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಹೊರದೇಶದವರಿಗೆ ಬರೆಯುವಾಗ 'ಹೆಲ್ಡ್ ಎ ಪ್ರೊಸೆಷನ್' ಅನ್ನಿ.

ಉಚ್ಚಾರದಲ್ಲಿ ಒತ್ತು 'ಸೆ' ಮೇಲೆ. ಬರೆಯುವಾಗ ಆ ಜಾಗದಲ್ಲಿ 'ಸಿ' ಒಂದು, ಆಮೇಲೆ 'ಎಸ್' ಎರಡು.