ಸತ್ತ ಮೀನಲ್ಲ, ಬದುಕಿದ ಮೀನು ಬೇಕು

ಬೇಸಿಗೆಯಲ್ಲಿ ಘಟಪ್ರಭೆಯ ಮಡುಗಳಲ್ಲಿ ಮೀನು ಸತ್ತು ತೇಲಿದಾಗಲೆಲ್ಲ ಬಲೆ ಹಾಕುವವರು ಕೇಳುವುದು ಒಂದೇ ಮಾತು: "ಸರ, ನೀರು ಟೆಸ್ಟ್ ಮಾಡ್ಯಾರಂತ, ಎಲ್ಲಾ ಬರೋಬರಿ ಐತಂತ. ಹಂಗಾದ್ರ ಮೀನ ಯಾಕ ಸತ್ತಾವು?"

ಆ ಪ್ರಶ್ನೆ ನ್ಯಾಯವಾದದ್ದು. ಬಾಟಲಿ ತುಂಬುವ ಹೊತ್ತಿಗೆ ಕೆಟ್ಟ ನೀರು ಮುಂದೆ ಹರಿದು ಹೋಗಿರಬಹುದು. ಆದರೆ ಆ ನೀರಿನಲ್ಲಿ ಉಸಿರಾಡಿ ಬದುಕುಳಿದ ಮೀನಿನ ಯಕೃತ್ತಿನಲ್ಲಿ ಗುರುತು ಇನ್ನೂ ಉಳಿದಿರುತ್ತದೆ. ನಾವು ಅಲ್ಲಿ ಹುಡುಕುವುದೇ ಕಡಿಮೆ.

ಮೀನಿನ ಪ್ರತಿ ಜೀವಕೋಶದಲ್ಲೂ ಎಲ್ಲ ಜೀನ್‌ಗಳಿರುತ್ತವೆ, ಆದರೆ ಎಲ್ಲವೂ ಒಮ್ಮೆಗೇ ಕೆಲಸ ಮಾಡುವುದಿಲ್ಲ. ಕೆಲಸ ಮಾಡುವ ಜೀನ್‌ನಿಂದ ಆರ್‌ಎನ್‌ಎ ಪ್ರತಿಗಳು ಹೊರಡುತ್ತವೆ. ಅವುಗಳ ಪ್ರಮಾಣ ಅಳೆದರೆ ಯಾವ ಜೀನ್ ಎಷ್ಟು ಚುರುಕಾಗಿದೆ ಎಂದು ತಿಳಿಯುತ್ತದೆ. ದ್ರಾಕ್ಷಿ ತೋಟಕ್ಕೆ ಹೊಡೆಯುವ ಬೋರ್ಡೊ ದ್ರಾವಣದಲ್ಲಿ ಮೈಲುತುತ್ತ, ಅಂದರೆ ತಾಮ್ರ, ಇರುತ್ತದೆ. ನೀರಿನಲ್ಲಿ ತಾಮ್ರ, ಸತು, ಕ್ಯಾಡ್ಮಿಯಂನಂಥ ಲೋಹ ಹೆಚ್ಚಾದಾಗ ಮೀನಿನ ದೇಹ ಮೆಟಲೋಥಯೊನಿನ್ ಜೀನನ್ನು ಚುರುಕುಗೊಳಿಸುತ್ತದೆ. ಅದರಿಂದ ತಯಾರಾಗುವ ಸಣ್ಣ ಪ್ರೋಟೀನ್ ಗಂಧಕದ ಕೊಂಡಿಗಳಿಂದ ಲೋಹವನ್ನು ಹಿಡಿದಿಡುತ್ತದೆ. ಎಣ್ಣೆ, ಹೊಗೆಮಸಿಯಲ್ಲಿರುವ ಕೆಲವು ರಾಸಾಯನಿಕಗಳಿಗೆ ಸಿವೈಪಿ1ಎ ಎಂಬ ಬೇರೆ ಜೀನ್ ಎಚ್ಚರಗೊಳ್ಳುತ್ತದೆ.

ನನ್ನನ್ನು ಹೆಚ್ಚು ಕಾಡುವುದು ವಿಟೆಲೊಜೆನಿನ್. ಇದು ಮೊಟ್ಟೆಯ ಹಳದಿಗೆ ಮೂಲವಾದ ಪ್ರೋಟೀನ್. ಹೆಣ್ಣು ಮೀನಿನ ಯಕೃತ್ತಿನಲ್ಲಿ, ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನ್ ಹೇಳಿದಾಗ ತಯಾರಾಗುತ್ತದೆ. ಗಂಡಿನಲ್ಲೂ ಅದರ ಜೀನ್ ಇದೆ, ಆದರೆ ಸುಮ್ಮನಿರುತ್ತದೆ. ಗರ್ಭನಿರೋಧಕ ಗುಳಿಗೆಯ ಹಾರ್ಮೋನ್ ಅಥವಾ ಕೈಗಾರಿಕಾ ಮಾರ್ಜಕಗಳು ಒಡೆದು ಉಳಿಯುವ ನೊನೈಲ್‌ಫಿನಾಲ್ ನೀರಿಗೆ ಸೇರಿದರೆ ಗಂಡೂ ಅದನ್ನು ತಯಾರಿಸತೊಡಗುತ್ತದೆ. ಕೆನಡಾದ ಒಂಟಾರಿಯೊದಲ್ಲಿ ಪ್ರಯೋಗಕ್ಕೆಂದೇ ಮೀಸಲಿಟ್ಟ ಒಂದು ಕೆರೆಗೆ 2001ರಿಂದ 2003ರವರೆಗೆ ಗುಳಿಗೆಯ ಹಾರ್ಮೋನನ್ನು ಲೀಟರಿಗೆ 5–6 ನ್ಯಾನೋಗ್ರಾಂ ಮಟ್ಟದಲ್ಲಿ ಬೆರೆಸಿದರು. ನ್ಯಾನೋಗ್ರಾಂ ಎಂದರೆ ಗ್ರಾಂನ ನೂರು ಕೋಟಿಯಲ್ಲಿ ಒಂದು ಭಾಗ. ಅಷ್ಟಕ್ಕೇ ಫ್ಯಾಟ್‌ಹೆಡ್ ಮಿನ್ನೊ ಎಂಬ ಸಣ್ಣ ಮೀನಿನ ಗಂಡುಗಳು ವಿಟೆಲೊಜೆನಿನ್ ತಯಾರಿಸಿದವು, ಸಂತಾನ ಕುಸಿಯಿತು, ಆ ಜಾತಿ ಕೆರೆಯಿಂದ ಅಳಿಯುವ ಹಂತಕ್ಕೆ ಬಂತು. ಒಂದು ದಿನದಲ್ಲಿ ರಾಶಿ ರಾಶಿ ಸತ್ತು ತೇಲಿದ್ದಲ್ಲ, ಮರಿ ಬರುವುದು ನಿಂತಿತು. ನಮ್ಮ ಹೊಳೆಯಲ್ಲಿ ಹೀಗಾದರೆ ನಾವು "ಈ ವರ್ಷ ಮೀನು ಕಡಿಮಿ" ಎಂದುಕೊಂಡು ಸುಮ್ಮನಾಗುತ್ತೇವೆ.

ಈ ಜೀನ್ ಪರೀಕ್ಷೆಗೆ ಮಿತಿಯೂ ಇದೆ. ಜೀನ್ ಚುರುಕಾದ ಮಾತ್ರಕ್ಕೆ ಇಂಥದ್ದೇ ರಾಸಾಯನಿಕ, ಇಂಥದ್ದೇ ಕಾರ್ಖಾನೆ ಎಂದು ಹೇಳಲಾಗದು. ನೀರಿನ ಬಿಸಿ, ಮೀನಿನ ವಯಸ್ಸು, ಮೊಟ್ಟೆಯಿಡುವ ಕಾಲ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ರೋಹು, ಕಾಟ್ಲಾ ಮಳೆಗಾಲದಲ್ಲಿ ಮೊಟ್ಟೆಯಿಡುವುದರಿಂದ ಆಗ ಹೆಣ್ಣಿನಲ್ಲಿ ವಿಟೆಲೊಜೆನಿನ್ ಏರುವುದು ಸಹಜ. ಹೊಟ್ಟೆ ಸೀಳಿ ಗಂಡೆಂದು ಖಚಿತಪಡಿಸಿಕೊಳ್ಳದೆ ಬರೆದ ವರದಿಯನ್ನು ನಾನು ನಂಬುವುದಿಲ್ಲ. ಸಕ್ಕರೆ ಕಾರ್ಖಾನೆಯ ಕಾಕಂಬಿಯಂಥ ಸಾವಯವ ತ್ಯಾಜ್ಯ ಆಮ್ಲಜನಕವನ್ನು ನುಂಗಿದಾಗ ಮೀನು ವಿಷವಿಲ್ಲದೆಯೂ ಉಸಿರುಗಟ್ಟಿ ಸಾಯುತ್ತದೆ. ಆಗ ಆಮ್ಲಜನಕವಿಲ್ಲದೆ ಸಕ್ಕರೆ ಒಡೆಯುವ ಜೀನ್‌ಗಳು ಏಳುತ್ತವೆ, ಅವನ್ನೂ ಜೊತೆಗೇ ನೋಡಬೇಕು.

ಆರ್‌ಎನ್‌ಎ ಬಹಳ ಬೇಗ ಕೆಡುತ್ತದೆ. ತೇಲಿ ಊದಿಕೊಂಡ ಮೀನನ್ನು ಚೀಲದಲ್ಲಿ ತಂದುಕೊಟ್ಟರೆ ಈ ಪರೀಕ್ಷೆಗೆ ಉಪಯೋಗವಿಲ್ಲ. ಅದೇ ಮಡುವಿನಲ್ಲಿ ಬದುಕಿರುವ ಮೀನನ್ನು ಹಿಡಿದು, ದಂಡೆಯಲ್ಲೇ ಯಕೃತ್ತಿನ ಚೂರು ತೆಗೆದು ದ್ರವ ಸಾರಜನಕಕ್ಕೆ ಹಾಕಬೇಕು. ಕೃತಕ ಗರ್ಭಧಾರಣೆಗೆಂದು ಪಶು ಆಸ್ಪತ್ರೆಗಳಲ್ಲಿ ಅದರ ಕ್ಯಾನು ಇರುತ್ತದೆ, ಕೇಳಿ ಪಡೆಯಬಹುದು. ಹೋಲಿಕೆಗೆ ಘಟಪ್ರಭೆಗೆ ಕಟ್ಟಿದ ಹಿಡಕಲ್ ಜಲಾಶಯದ ಮೇಲ್ಭಾಗದಿಂದ ಅದೇ ಗಾತ್ರದ ಗಂಡು ಮೀನು ಬೇಕು. ಕಬ್ಬು ನುರಿಸುವ ಹಂಗಾಮು ಶುರುವಾಗುವ ಮೊದಲೊಮ್ಮೆ, ನಡುವೆ ಒಮ್ಮೆ ಹಿಡಿದರೆ ಮಾತಿಗೆ ಬಲ ಬರುತ್ತದೆ.

ಮೀನು ತಿನ್ನಬಹುದೇ ಎಂದು ಕೇಳುವವರಿಗೆ ಒಂದು ಮಾತು. ಜೀನ್ ಪರೀಕ್ಷೆ ಆ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಅದಕ್ಕೆ ನಾವು ತಿನ್ನುವ ಮಾಂಸದಲ್ಲಿ ಲೋಹ, ಕೀಟನಾಶಕ ಎಷ್ಟಿದೆ ಎಂದು ಬೇರೆಯಾಗಿಯೇ ಅಳೆಯಬೇಕು. ತಾನಾಗಿ ಸತ್ತು ತೇಲಿದ ಮೀನನ್ನಂತೂ, ಯಾವ ಪರೀಕ್ಷೆಗೂ ಕಾಯದೆ, ಮನೆಗೆ ಒಯ್ಯಬೇಡಿ, ಸಂತೆಗೂ ಒಯ್ಯಬೇಡಿ.